ಬಳ್ಳಾರಿಯಲ್ಲಿ ಹುಟ್ಟಿ ಗುಜರಾತಿಗೆ ವ್ಯಾಕರಣ ಕೊಟ್ಟ ಪಾದ್ರಿ ಟೇಲರ್

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಾವು ಹೊರನಾಡ ಕನ್ನಡಿಗರು ರಾಜ್ಯೋತ್ಸವ ಬಂತೆಂದರೆ ಫರ್ಡಿನಾಂಡ್ ಕಿಟೆಲ್ ಅವರನ್ನು ತಪ್ಪದೆ ನೆನೆಯುತ್ತೇವೆ. ಜರ್ಮನಿಯಿಂದ ಬಂದು ಕನ್ನಡಕ್ಕೆ ನಿಘಂಟು ಕೊಟ್ಟ ಮಹನೀಯರು ಅವರು. ಆದರೆ ನಮ್ಮ ನೆಲದಲ್ಲೇ ಹುಟ್ಟಿ, ನಮ್ಮಂತೆಯೇ ಗುಜರಾತಿಗೆ ಬಂದು, ಇಲ್ಲಿನ ಭಾಷೆಗೆ ವ್ಯಾಕರಣ ಬರೆದು, ಗುಜರಾತಿ ವ್ಯಾಕರಣದ ಪಿತಾಮಹ ಎಂದು ಹೆಸರಾದ ಒಬ್ಬರಿದ್ದರು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಅವರೇ ರೆವರೆಂಡ್ ಜೋಸೆಫ್ ವಾನ್ ಸೋಮರೆನ್ ಟೇಲರ್. ಗುಜರಾತಿ ಪುಸ್ತಕಗಳಲ್ಲಿ ಜೆ.ವಿ.ಎಸ್. ಟೇಲರ್ ಎಂದೇ ಅವರ ಹೆಸರು ಬರುತ್ತದೆ.

ವೃತ್ತಿಯಿಂದ ಟೇಲರ್ ಭಾಷಾ ಪಂಡಿತರಲ್ಲ, ಕ್ರೈಸ್ತ ಮಿಷನರಿ. ಹೊಸದಾಗಿ ಕ್ರೈಸ್ತರಾದ ಹಳ್ಳಿಯ ಬಡ ಕುಟುಂಬಗಳಿಗೂ ಅವರ ಮಕ್ಕಳಿಗೂ ಧರ್ಮಪಾಠ ಹೇಳುವುದು ಅವರ ನಿತ್ಯದ ಕೆಲಸ. ಆ ಪಾಠಕ್ಕೆ ಓದಲು ಪುಸ್ತಕ ಬೇಕು, ಹಾಡಲು ಗೀತೆ ಬೇಕು, ತಪ್ಪಿಲ್ಲದೆ ಬರೆಯಲು ವ್ಯಾಕರಣ ಬೇಕು. ಈ ಮೂರನ್ನೂ ಒಂದೊಂದಾಗಿ ಒದಗಿಸಿದ್ದೇ ಅವರ ಜೀವನದ ಸಾಧನೆ.

ಬಳ್ಳಾರಿ ಮತ್ತು ಬೆಳಗಾವಿ

ಟೇಲರ್ ಹುಟ್ಟಿದ್ದು 1820ರ ಜುಲೈ 3ರಂದು ಬಳ್ಳಾರಿಯಲ್ಲಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿ 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದ್ದರು. ಬೈಬಲ್ಲನ್ನು ಕನ್ನಡಕ್ಕೆ ತಂದ ಕೀರ್ತಿ ಈ ಹ್ಯಾಂಡ್ಸ್ ಅವರದು. ಅವರ ಜೊತೆಗಾರರಾಗಿದ್ದ ವಿಲಿಯಂ ರೀವ್ ಅವರು ಕಿಟೆಲ್‌ಗಿಂತ ಬಹಳ ಮೊದಲೇ, 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು.

ಈ ಬಳ್ಳಾರಿ ಮಿಷನ್ನಿನಲ್ಲೇ ತಯಾರಾದವರು ಟೇಲರ್ ಅವರ ತಂದೆ. ಅವರ ಹೆಸರೂ ಜೋಸೆಫ್ ಟೇಲರ್. ಮಗ ಹುಟ್ಟಿದ 1820ರಲ್ಲೇ ಅವರು ಬೆಳಗಾವಿಗೆ ಹೋಗಿ ಅಲ್ಲಿ ಮಿಷನ್ ಆರಂಭಿಸಿದರು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ ಕನ್ನಡ, ಮರಾಠಿ, ತಮಿಳು ಮಾತನಾಡುವವರು ಅಕ್ಕಪಕ್ಕದಲ್ಲೇ ಇದ್ದರು. ಹೀಗಾಗಿ ಒಂದೇ ಪಾಠವನ್ನು ಬೇರೆಬೇರೆ ಭಾಷೆಗಳಲ್ಲಿ ಹೇಳಬೇಕಾಗುತ್ತಿತ್ತು. ಇಂದು ಬೆಳಗಾವಿಯವರಿಗೆ ಚಿರಪರಿಚಿತವಾದ ಬೆನನ್ ಸ್ಮಿತ್ ಶಾಲೆಯ ಮೂಲವೂ ಆ ಕಾಲದ ಮಿಷನ್ ಶಾಲೆಯೇ. ಮಗುವಿಗೆ ಯಾವ ಭಾಷೆ ಗೊತ್ತೋ ಆ ಭಾಷೆಯಲ್ಲಿ ಕಲಿಸಬೇಕು ಎಂಬ ಪಾಠಕ್ಕೆ ಇಂಥ ಮನೆಗಿಂತ ಒಳ್ಳೆಯ ಶಾಲೆ ಬೇಕೆ?

ಮುಂದೆ ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, ಪಾದ್ರಿಯಾಗಿ ದೀಕ್ಷೆ ಪಡೆದು, 1840ರ ದಶಕದ ನಡುವಿನಲ್ಲಿ ಟೇಲರ್ ಭಾರತಕ್ಕೆ ಮರಳಿದರು. ಲಂಡನ್ ಮಿಷನ್ ಅವರನ್ನು ಕಳಿಸಿದ್ದು ಬಳ್ಳಾರಿಗಲ್ಲ, ಬೆಳಗಾವಿಗೂ ಅಲ್ಲ, ಗುಜರಾತಿಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟ್ರಾನ್ಸ್‌ಫರ್. ಬ್ಯಾಂಕ್ ಕೆಲಸದ ಮೇಲೆ ಇಲ್ಲಿಗೆ ಬಂದ ನನ್ನಂಥವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು.

ಮಹಿ ನದಿಯ ಸೀಮೆಯಲ್ಲಿ

ಗುಜರಾತಿನಲ್ಲಿ ಲಂಡನ್ ಮಿಷನ್ನಿನ ಮೊದಲ ನೆಲೆ ಸೂರತ್. ಜೇಮ್ಸ್ ಸ್ಕಿನ್ನರ್ ಮತ್ತು ವಿಲಿಯಂ ಫೈವಿ 1815ರಲ್ಲಿ ಅಲ್ಲಿ ಕೆಲಸ ಆರಂಭಿಸಿ, 1820ರ ದಶಕದ ಮೊದಲ ವರ್ಷಗಳಲ್ಲೇ ಗುಜರಾತಿ ಬೈಬಲ್ ಮುದ್ರಿಸಿದ್ದರು. ವಡೋದರಾಕ್ಕೆ 1844ರಲ್ಲಿ ವಿಲಿಯಂ ಕ್ಲಾರ್ಕ್‌ಸನ್ ಬಂದರು. ಟೇಲರ್ ಸೇರಿದ್ದು ಇವರ ಜೊತೆಗೆ. ಗಾಯಕವಾಡ ಸಂಸ್ಥಾನದಲ್ಲಿ ಕಾಲೂರುವುದು ಕಷ್ಟವಾದಾಗ ಅವರ ಕೆಲಸ ಮಹಿ ನದಿಯ ಸೀಮೆಯ ಹಳ್ಳಿಗಳಿಗೂ, ಬ್ರಿಟಿಷ್ ಆಡಳಿತದ ಖೇಡಾ ಜಿಲ್ಲೆಯ ಬೋರ್ಸದ್‌ಗೂ ಸಾಗಿತು. ಬೋರ್ಸದ್ ಈಗ ಆಣಂದ್ ಜಿಲ್ಲೆಗೆ ಸೇರಿದೆ. ಟೇಲರ್ ಅವರ ಹೆಸರು ಹೆಚ್ಚಾಗಿ ಜೋಡಿಕೊಂಡಿರುವುದು ಈ ಊರಿನೊಂದಿಗೇ.

1860ರ ಹೊತ್ತಿಗೆ ಲಂಡನ್ ಮಿಷನ್ ಗುಜರಾತಿನ ಕೆಲಸವನ್ನು ಐರಿಷ್ ಪ್ರೆಸ್ಬಿಟೇರಿಯನ್ ಮಿಷನ್ನಿಗೆ ಒಪ್ಪಿಸಿ ಹಿಂದೆ ಸರಿಯಿತು. ಟೇಲರ್ ಮಾತ್ರ ಹೋಗಲಿಲ್ಲ. ಮಿಷನ್ ಬದಲಾಯಿಸಿದರು, ಜನರನ್ನು ಬದಲಾಯಿಸಲಿಲ್ಲ. ನಾವು ಸೂರತ್‌ನಲ್ಲೂ ಅಹಮದಾಬಾದ್‌ನಲ್ಲೂ ಐ.ಪಿ. ಮಿಷನ್ ಶಾಲೆ ಎಂಬ ಬೋರ್ಡ್ ನೋಡುತ್ತೇವಲ್ಲ, ಆ ಐ.ಪಿ. ಎಂದರೆ ಈ ಐರಿಷ್ ಪ್ರೆಸ್ಬಿಟೇರಿಯನ್.

ಆ ಕಾಲದಲ್ಲಿ ಕ್ರೈಸ್ತರಾದವರ ಪಾಡು ಸುಲಭವಾಗಿರಲಿಲ್ಲ. ಹೆಚ್ಚಿನವರು ನೇಕಾರರು, ಕೂಲಿಗಳು, ಸಣ್ಣ ಬೇಸಾಯಗಾರರು. ಜಾತಿಯಿಂದ ಹೊರಗಾದರೆ ಬಾವಿಯ ನೀರೂ ಇಲ್ಲ, ಹೊಲದ ಕೆಲಸವೂ ಇಲ್ಲ. ಅಂಥವರಿಗಾಗಿ ಮಿಷನ್ ಬೋರ್ಸದ್ ಬಳಿ ಖಾಶಿವಾಡಿ, ಅಹಮದಾಬಾದ್ ಬಳಿ ಶಾಹವಾಡಿ, ರಾಣಿಪುರ ಮುಂತಾದ ವಸತಿಗಳನ್ನು ಕಟ್ಟಿಸಿತು. ದೊಡ್ಡವರು ನಂಬಿಕೆಯಿಂದ ಬಂದಿರಬಹುದು, ಕಷ್ಟದಿಂದ ಬಂದಿರಬಹುದು. ಆದರೆ ಈ ವಸತಿಗಳಲ್ಲಿ ಹುಟ್ಟಿದ ಮಕ್ಕಳು ಏನನ್ನು ಕಲಿಯುತ್ತಾರೆ ಎಂಬುದರ ಮೇಲೇ ಸಭೆ ಉಳಿಯುವುದೋ ಅಳಿಯುವುದೋ ನಿರ್ಧಾರವಾಗಬೇಕಿತ್ತು.

ಉರು ಹೊಡೆಯುವ ಪಾಠ, ಹಾಡುವ ಪಾಠ

ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಮಕ್ಕಳ ಧರ್ಮಪಾಠಕ್ಕೆ ಹಳೆಯ ಪದ್ಧತಿಯೊಂದಿದೆ. 17ನೇ ಶತಮಾನದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಧರ್ಮಪಂಡಿತರು ಸಿದ್ಧಪಡಿಸಿದ ಸಣ್ಣ ಪ್ರಶ್ನೋತ್ತರಿಯಲ್ಲಿ 107 ಪ್ರಶ್ನೆಗಳೂ 107 ಉತ್ತರಗಳೂ ಇವೆ. ಸ್ಕಾಟ್‌ಲೆಂಡ್, ಐರ್ಲೆಂಡ್‌ಗಳ ಮಕ್ಕಳು ತಲೆತಲಾಂತರದಿಂದ ಇದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಿದ್ದರು. ನಮ್ಮಲ್ಲಿ ಮಗ್ಗಿ ಒಪ್ಪಿಸಿದಂತೆಯೇ. ಹದಿಹರೆಯಕ್ಕೆ ಬಂದಾಗ ಈ ಪಾಠದ ಬಲದ ಮೇಲೆಯೇ ಅವರನ್ನು ಸಭೆಯ ಪೂರ್ಣ ಸದಸ್ಯರನ್ನಾಗಿ ಸ್ವೀಕರಿಸುವ ಕ್ರಮ.

ಆದರೆ ಇಂಗ್ಲಿಷಿನಲ್ಲಿ ಮಾಗಿದ ಪಾಠವನ್ನು ಖೇಡಾ ಜಿಲ್ಲೆಯ ಹಳ್ಳಿಯ ಹುಡುಗನ ಬಾಯಿಗೆ ತರುವುದು ಹೇಗೆ? ಮೊದಲ ಗುಜರಾತಿ ಬೈಬಲ್ ಪ್ರಾರಂಭದ ಪ್ರಯತ್ನವಾದ್ದರಿಂದ ಅದನ್ನು ತಿದ್ದಬೇಕಿತ್ತು. 1860ರ ದಶಕದ ಆರಂಭದಲ್ಲಿ ಹೊರಬಂದ ಪರಿಷ್ಕೃತ ಅನುವಾದದಲ್ಲಿ ಟೇಲರ್ ಅವರ ಪಾತ್ರ ದೊಡ್ಡದು. ಗುಜರಾತಿನ ಕ್ರೈಸ್ತರ ಮನೆಮನೆಗಳಲ್ಲಿ ತಲೆಮಾರುಗಳ ಕಾಲ ಓದಿದ ಬೈಬಲ್ ಅದು.

ಅದರ ಬೆನ್ನಿಗೇ, 1863ರಲ್ಲಿ, ಕಾವ್ಯಾರ್ಪಣ ಎಂಬ ಗೀತೆಗಳ ಪುಸ್ತಕ ಬಂತು. ಅಕ್ಷರ ಬಾರದ ತಾಯಿಗೂ, ಇನ್ನೂ ಅಕ್ಷರ ಕಲಿಯುತ್ತಿರುವ ಮಗುವಿಗೂ ಪುಸ್ತಕಕ್ಕಿಂತ ಮೊದಲು ತಲುಪುವುದು ಹಾಡು. ಇದನ್ನು ಟೇಲರ್ ಬಲ್ಲರು. ಆದ್ದರಿಂದ ಪರದೇಶದ ಗೀತೆಗಳನ್ನು ಶಬ್ದಕ್ಕೆ ಶಬ್ದ ತರುವುದನ್ನು ಬಿಟ್ಟು, ಗುಜರಾತಿ ಪದ್ಯದ ಧಾಟಿಯಲ್ಲಿ ಬರೆದರು. ಇದೇ ಸಮಯದಲ್ಲಿ ನಮ್ಮ ಕಡೆ ಕಿಟೆಲ್ ಅವರು ಕನ್ನಡದ ಛಂದಸ್ಸಿನಲ್ಲಿ ಯೇಸುವಿನ ಕಥೆ ಹೇಳುವ ಕಥಾಮಾಲೆಯನ್ನು 1862ರಲ್ಲಿ ಹೊರತಂದಿದ್ದರು ಎಂಬುದನ್ನು ಗಮನಿಸಬೇಕು. ಇಬ್ಬರು ಪಾದ್ರಿಗಳು, ಎರಡು ಭಾಷೆಗಳು, ಒಂದೇ ವರ್ಷದ ಅಂತರ, ಒಂದೇ ತೀರ್ಮಾನ.

ಛೋಕರೋ, ಛೋಕರೀ, ಛೋಕರುಂ

ಟೇಲರ್ ಅವರಿಗೆ ಶಾಶ್ವತ ಹೆಸರು ತಂದ ಗುಜರಾತಿ ಭಾಷಾನುಂ ವ್ಯಾಕರಣ ಪ್ರಕಟವಾದದ್ದು 1867ರಲ್ಲಿ. ಕಿಟೆಲ್ ಅವರ ಕನ್ನಡ ವ್ಯಾಕರಣ ಬಂದದ್ದು 1903ರಲ್ಲಿ. ಅಂದರೆ 36 ವರ್ಷಗಳ ನಂತರ. ಟೇಲರ್ ತಮ್ಮ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆಯಲಿಲ್ಲ, ಗುಜರಾತಿಯಲ್ಲೇ ಬರೆದರು. ಸಾಹೇಬರಿಗೆ ಕಲಿಸುವುದಕ್ಕಿಂತ ಈ ನಾಡಿನ ವಿದ್ಯಾರ್ಥಿಗೇ ಅವನ ಭಾಷೆಯ ಕಟ್ಟು ತೋರಿಸುವುದು ಅದರ ಉದ್ದೇಶ. ಶಾಲಾ ಮಕ್ಕಳಿಗಾಗಿ ಅದರ ಚಿಕ್ಕ ರೂಪಗಳೂ ಬಂದವು.

ಗುಜರಾತಿಯ ಕಷ್ಟ ಕನ್ನಡಿಗರಾದ ನಮಗೆ ಹೊಸದಲ್ಲ. ಕನ್ನಡದಲ್ಲಿ ಮನೆ, ಕುರ್ಚಿ, ರೊಟ್ಟಿ ಎಲ್ಲವೂ ನಪುಂಸಕ ಲಿಂಗ, ಚಿಂತೆಯಿಲ್ಲ. ಇಲ್ಲಿ ಹಾಗಲ್ಲ. ಛೋಕರೋ ಎಂದರೆ ಹುಡುಗ, ಛೋಕರೀ ಎಂದರೆ ಹುಡುಗಿ, ಛೋಕರುಂ ಎಂದರೆ ಮಗು. ಇಷ್ಟು ಸರಿ. ಆದರೆ ದಪ್ಪ ರೊಟ್ಟಿ ರೋಟಲೋ ಗಂಡು, ತೆಳ್ಳನೆಯ ರೋಟಲೀ ಹೆಣ್ಣು, ಖುರಶೀ ಹೆಣ್ಣು, ಘರ್ ನಪುಂಸಕ, ಕಾಗಳ ಗಂಡು! ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಹೊಸದರಲ್ಲಿ ನಾನು ಮಾಡುತ್ತಿದ್ದ ಲಿಂಗದೋಷಗಳಿಗೆ ಗಿರಾಕಿಗಳು ನಕ್ಕಿದ್ದು ಇನ್ನೂ ನೆನಪಿದೆ. ಕನ್ನಡ ನಾಡಿನಲ್ಲಿ ಹುಟ್ಟಿದವರೊಬ್ಬರು ಈ ಕಾಡನ್ನು ದಾಟಿದ್ದಷ್ಟೇ ಅಲ್ಲ, ಅದಕ್ಕೆ ದಾರಿಯನ್ನೂ ಮಾಡಿಕೊಟ್ಟರು ಎಂಬುದು ನಮಗೆ ಹೆಮ್ಮೆಯ ವಿಷಯ.

ಟೇಲರ್ ಒಬ್ಬಂಟಿಯಾಗಿ ದುಡಿದವರಲ್ಲ. 1870ರಲ್ಲಿ ಬಂದ ಧಾತುಸಂಗ್ರಹ, ಅಂದರೆ ಗುಜರಾತಿ ಕ್ರಿಯಾಪದಗಳ ಮೂಲ ತಿಳಿಸುವ ಗ್ರಂಥದಲ್ಲಿ, ಸಂಸ್ಕೃತ-ಪ್ರಾಕೃತ ವಿದ್ವಾಂಸರಾದ ವ್ರಜಲಾಲ ಕಾಳಿದಾಸ ಶಾಸ್ತ್ರಿಗಳು ಅವರಿಗೆ ಜೊತೆಯಾದರು. ಪಾದ್ರಿ ಮತ್ತು ಶಾಸ್ತ್ರಿ ಒಂದೇ ಕೆಲಸಕ್ಕೆ ಕೈಜೋಡಿಸಿದ ಉದಾಹರಣೆ ಇದು. ಟೇಲರ್ ತಮ್ಮ ಮತಪ್ರಚಾರವನ್ನು ಮುಚ್ಚಿಟ್ಟವರಲ್ಲ. ಅದಕ್ಕೆ ಅಂದೂ ವಿರೋಧವಿತ್ತು, ಇಂದೂ ಒಪ್ಪದವರು ಇದ್ದಾರೆ. ಆದರೆ ವ್ಯಾಕರಣ ಚರ್ಚಿನ ಗೋಡೆಯೊಳಗೆ ಉಳಿಯಲಿಲ್ಲ. ಎಲ್ಲ ಜಾತಿಮತಗಳ ಗುಜರಾತಿ ಓದುಗರಿಗೂ ಅದು ಉಪಯೋಗಕ್ಕೆ ಬಂತು.

ತಂದೆಯ ದಾರಿಯಲ್ಲಿ ಮಗ

ಕೊನೆಗಾಲದಲ್ಲಿ ಸ್ಕಾಟ್‌ಲೆಂಡಿಗೆ ಮರಳಿದ ಟೇಲರ್ 1881ರ ಜೂನ್ 2ರಂದು ಎಡಿನ್‌ಬರೋದಲ್ಲಿ ತೀರಿಕೊಂಡರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರದ ಸಂಪಾದಕರಾದ ಹರ್ಮನ್ ಮೋಗ್ಲಿಂಗ್ ಜರ್ಮನಿಯಲ್ಲಿ ನಿಧನರಾಗಿ ಆಗ ಒಂದು ತಿಂಗಳೂ ಆಗಿರಲಿಲ್ಲ.

ಟೇಲರ್ ಅವರ ಮಗ ಡಾ. ಜಾರ್ಜ್ ಪ್ರಿಚರ್ಡ್ ಟೇಲರ್ ಅಹಮದಾಬಾದ್‌ನಲ್ಲಿ ನೆಲೆಸಿ, ಗುಜರಾತಿ ಸಭಾಪಾಲಕರನ್ನು ತರಬೇತುಗೊಳಿಸುವ ಸ್ಟೀವನ್‌ಸನ್ ಕಾಲೇಜಿನಲ್ಲಿ ದುಡಿದರು. ಅಹಮದಾಬಾದ್ ಮತ್ತು ಸೂರತ್ ಟಂಕಸಾಲೆಗಳ ಹಳೆಯ ನಾಣ್ಯಗಳ ಬಗ್ಗೆ ಅವರು ಬರೆದ ಲೇಖನಗಳನ್ನು ಇಂದಿಗೂ ನಾಣ್ಯಶಾಸ್ತ್ರಜ್ಞರು ಓದುತ್ತಾರೆ. ಇಂಗ್ಲಿಷ್ ಬಲ್ಲವರು ಗುಜರಾತಿ ಕಲಿಯಲೆಂದು ಅವರು ಬರೆದ ವ್ಯಾಕರಣ 1893ರಲ್ಲಿ ಸೂರತ್‌ನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಜ್ಜ ಬೆಳಗಾವಿಯಲ್ಲಿ, ಮಗ ಬೋರ್ಸದ್‌ನಲ್ಲಿ, ಮೊಮ್ಮಗ ಅಹಮದಾಬಾದ್‌ನಲ್ಲಿ, ಹೀಗೆ ಮೂರು ತಲೆಮಾರು ಕಲಿಸುವ ಕೆಲಸದಲ್ಲೇ ಸವೆಯಿತು. ಅವರು ಕಟ್ಟಿದ ಸಭೆಗಳು 1970ರಿಂದ ಚರ್ಚ್ ಆಫ್ ನಾರ್ತ್ ಇಂಡಿಯಾದಲ್ಲಿ ಸೇರಿವೆ.

ನಮ್ಮ ಮಕ್ಕಳ ಮಾತು

ಟೇಲರ್ ಅವರ ಜೀವನ ನಮ್ಮ ಸಂಘಗಳಿಗೆ ಒಂದು ಪ್ರಶ್ನೆಯನ್ನು ಬಿಟ್ಟುಹೋಗಿದೆ. ಬೆಳಗಾವಿ, ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳ ಮಕ್ಕಳು ಇಲ್ಲಿ ಭಾನುವಾರದ ಪಾಠವನ್ನು ಗುಜರಾತಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಪ್ರಾರ್ಥಿಸಿದರೆ ಮೊಮ್ಮಕ್ಕಳಿಗೆ ಪೂರ್ತಿ ಅರ್ಥವಾಗುವುದಿಲ್ಲ. ಉಳಿದವರ ಮನೆಯಲ್ಲೂ ಕಥೆ ಬೇರೆಯಲ್ಲ. ದಾಸರ ಪದವನ್ನೋ ವಚನವನ್ನೋ ನಮ್ಮ ಮಕ್ಕಳು ಗುಜರಾತಿ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಪದದ ಅರ್ಥ ಕೇಳಿದರೆ ತಡವರಿಸುತ್ತಾರೆ.

ಧರ್ಮ ಯಾವುದಾದರೂ ಇರಲಿ, ಹಿರಿಯರ ನಂಬಿಕೆ ಮಗುವಿಗೆ ದಾಟುವುದು ಭಾಷೆಯ ಸೇತುವೆಯ ಮೇಲೆ. ಟೇಲರ್ ಆ ಸೇತುವೆಯನ್ನು ಗುಜರಾತಿ ಮಕ್ಕಳಿಗೆ ಕಟ್ಟಿಕೊಟ್ಟರು. ಅದಕ್ಕೆ ಅವರಿಗೆ ಒಂದು ಜನ್ಮವೇ ಹಿಡಿಯಿತು. ನಮ್ಮಿಂದ ಬೇಕಾದದ್ದು ವಾರಕ್ಕೆ ಒಂದು ಗಂಟೆ ಮಾತ್ರ: ಒಂದು ಕರಿಹಲಗೆ, ಕನ್ನಡದ ಅಕ್ಷರಮಾಲೆ, ಕಲಿಸುವ ಮನಸ್ಸಿರುವ ನಾಲ್ಕು ಮಂದಿ. ಮುಂದಿನ ರಾಜ್ಯೋತ್ಸವದಲ್ಲಿ ಕಿಟೆಲ್ ಅವರ ಚಿತ್ರದ ಪಕ್ಕದಲ್ಲಿ ಬಳ್ಳಾರಿಯ ಈ ಟೇಲರ್ ಅವರ ಹೆಸರನ್ನೂ ಬರೆಯೋಣ. ಹಾಗೆ ಬರೆದ ಹೆಸರನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದುವಂತಾದರೆ ಅದೇ ಅವರಿಗೆ ಸಲ್ಲುವ ಗೌರವ.