ಕನಕದಾಸರು ಮತ್ತು ಕಾಗಿನೆಲೆ: ಅಂಕಿತದ ಪದವಿಭಾಗ, ಗಣವಿಭಾಗ

ಕನಕದಾಸರ ಜೀವನವನ್ನು ನಿರೂಪಿಸಹೊರಟವರು ಬಹುಮಟ್ಟಿಗೆ ಐತಿಹ್ಯಗಳನ್ನೇ ಅವಲಂಬಿಸಬೇಕಾಗುತ್ತದೆ. ಬಂಕಾಪುರ ಸೀಮೆಯ ಬಾಡದಲ್ಲಿ ಕುರುಬ ಮನೆತನದ ಬೀರಪ್ಪ, ಬಚ್ಚಮ್ಮ ದಂಪತಿಗಳಿಗೆ ಜನಿಸಿದ ತಿಮ್ಮಪ್ಪನಾಯಕನು ದಂಡನಾಯಕನಾಗಿದ್ದು, ಯುದ್ಧದಲ್ಲಿ ಗಾಯಗೊಂಡು ಬದುಕುಳಿದ ಬಳಿಕ ಹರಿದಾಸನಾದನೆಂಬುದು ಪರಂಪರೆಯ ಹೇಳಿಕೆ. ರೂಢಿಯಲ್ಲಿರುವ 1509-1609 ಎಂಬ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವ್ಯಾಸರಾಯರ ಶಿಷ್ಯತ್ವವನ್ನು ಒಪ್ಪುವುದಾದರೆ, ಆ ಯತಿಗಳು ನಿಧನರಾದ 1539ಕ್ಕೆ ಮೊದಲೇ ಕನಕರು ದಾಸಕೂಟವನ್ನು ಸೇರಿರಬೇಕು. ಕುಲದ ಕಾರಣವಾಗಿ ಅವರು ಅಲ್ಲಿ ಎದುರಿಸಿದ ಅವಮಾನಗಳ ಕಥೆಗಳೂ, ಉಡುಪಿಯ ಕಿಂಡಿಯ ಕಥೆಯೂ ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಐತಿಹ್ಯದ ನೆರವಿಲ್ಲದೆ ಉಳಿಯುವ ಜೀವನಾಧಾರವೆಂದರೆ ಅವರ ಅಂಕಿತ. ಬಾಡದ ಆದಿಕೇಶವನನ್ನು ಇಂದಿನ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಗೆ ತಂದು ಪ್ರತಿಷ್ಠಾಪಿಸಿದರೆಂಬ ನಂಬಿಕೆಯಿದೆ. ಅದು ಹೇಗೇ ಇರಲಿ, ಊರನ್ನೂ ದೈವವನ್ನೂ ಅವರು ಒಂದೇ ಉಸಿರಿನಲ್ಲಿ ಉಚ್ಚರಿಸುವ ಪದವಾಗಿಸಿದರು: ಕಾಗಿನೆಲೆಯಾದಿಕೇಶವ.

ಇಲ್ಲಿ ಯಕಾರಾಗಮವಾಗಿದೆ. ಬಿಡಿಸಿ ಬರೆದರೂ ಕೂಡಿಸಿ ಬರೆದರೂ ಮಾತ್ರೆಗಳು ಹನ್ನೆರಡೇ. 'ಬಾಡದ' ಎಂಬುದರ ಮುಂದೆ 'ಆದಿಕೇಶವ' ಬಂದು ಲೋಪಸಂಧಿಯಾದರೆ ಒಂದು ಮಾತ್ರೆ ಕಳೆದುಹೋಗುತ್ತದೆ; ಕಾಗಿನೆಲೆಗೆ ಆ ನಷ್ಟವಿಲ್ಲ. ಆದರೆ ಪದದ ಗಡಿ ಅಳಿಯುತ್ತದೆ. ಹಲವು ಕೀರ್ತನೆಗಳಲ್ಲಿರುವಂತೆ 'ರಾಯ' ಸೇರಿಸಿ ಮೂರು-ನಾಲ್ಕರ ಗಣಗಳಾಗಿ ವಿಭಾಗಿಸಿದರೆ ಕಾಗಿ, ನೆಲೆಯಾ, ದಿಕೇ, ಶವರಾ ಎಂದಾಗಿ, ಯಕಾರವೊಂದು ಮಾತ್ರ ಹೊರಗುಳಿಯುತ್ತದೆ. ಮೊದಲ ಹದಿನಾಲ್ಕು ಮಾತ್ರೆಗಳು ಭಾಮಿನೀ ಷಟ್ಪದಿಯ ಮೊದಲ ಪಾದದ ಅಳತೆಗೆ ಸರಿಹೊಂದುತ್ತವೆ. ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತ್ರೆಗಳನ್ನು ಆ ಛಂದಸ್ಸಿನಲ್ಲಿಯೇ ರಚಿಸಿದ ಕವಿಯ ಕಿವಿಗೆ ಇದು ಕೇಳಿಸದಿರಲಿಲ್ಲವೆಂದು ನನ್ನ ಊಹೆ. ಸಾಂಗತ್ಯದ ಮೋಹನತರಂಗಿಣಿಯಲ್ಲಿ, ಅದರ ನಲವತ್ತೆರಡು ಸಂಧಿಗಳುದ್ದಕ್ಕೂ, ಅಂಶಗಣದ ಲಯ ಬೇರೆಯೇ ಆಗಿದೆ.

ಗಣದ ಗಡಿಯಲ್ಲಿ ಉಸಿರು ನಿಲ್ಲಿಸುವುದು ಮಾತ್ರ ಅಪಾಯಕರ. 'ಆದಿ' ಒಡೆಯುತ್ತದೆ, 'ಕೇ' ಎಂಬಲ್ಲಿ ನಿಂತರೆ ಅಮಂಗಳ ಪದವೊಂದು ಕೇಳಿಸುತ್ತದೆ! ಅನುಭವಿ ಗಾಯಕರು ಅಲ್ಲಿ ಸ್ವರವನ್ನು ಎಳೆಯುತ್ತಾರೆ, ನಿಲ್ಲಿಸುವುದಿಲ್ಲ. ಡಚ್ ಭಾಷೆಯಲ್ಲಿ ಸಮಾಸವನ್ನು ಸಾಲಿನ ಕೊನೆಯಲ್ಲಿ ಮುರಿಯುವವರು ಘಟಕಪದಗಳ ಗಡಿಯನ್ನೇ ಅನುಸರಿಸುತ್ತಾರೆ. ಕನ್ನಡದಲ್ಲಿ ಸಂಧಿಯು ಆ ಗಡಿಯನ್ನು ಒಂದೇ ಅಕ್ಷರದೊಳಗೆ ಅಡಗಿಸಿಬಿಡುವುದರಿಂದ ಆ ಸೌಲಭ್ಯವಿಲ್ಲ: 'ಯಾ' ಊರಿಗೂ ಸೇರದು, ದೈವಕ್ಕೂ ಪೂರ್ತಿ ಸೇರದು.

ಓದುಗರ ಅನುಕೂಲಕ್ಕೆಂದು ಅಂಕಿತವನ್ನು ಎರಡು ಪದಗಳಾಗಿ ಮುದ್ರಿಸಿದರೆ 'ಕಾಗಿನೆಲೆ' ಬರಿಯ ವಿಳಾಸವಾಗಿ ಉಳಿಯುತ್ತದೆ, ಯಕಾರವೂ ಬಿದ್ದುಹೋಗುತ್ತದೆ. ಕೀರ್ತನೆಗಳು ಹಾಡುವವರ ನಾಲಗೆಯಲ್ಲಿ ಉಳಿದುಬಂದವು. ಆದುದರಿಂದ ಸಂಪಾದಕರು ಮೂಲದಲ್ಲಿ ಕೂಡುರೂಪವನ್ನೇ ಇರಿಸಿ, ಪದವಿಭಾಗವನ್ನು ಅಡಿಯಲ್ಲಿ ಸೂಚಿಸುವುದು ಉಚಿತ.