ಅಬ್ದುಲ್ ರಜಾಕ್: ಸಂಶಯಕ್ಕೊಳಗಾದ ರಾಯಭಾರಿ

ವಿಜಯನಗರದ ಚರಿತ್ರೆಯನ್ನು ಬರೆದವರಲ್ಲಿ ಅಬ್ದುಲ್ ರಜಾಕನನ್ನು ಬಳಸಿಕೊಳ್ಳದವರು ವಿರಳ. ಏಳು ಸುತ್ತಿನ ಕೋಟೆ, ಅರಮನೆಯ ಬಳಿಯ ಅಂಗಡಿಬೀದಿಗಳು, ಮಹಾನವಮಿಯ ವೈಭವ ಇವುಗಳ ಪ್ರಸ್ತಾಪ ಬಂದಾಗಲೆಲ್ಲ ಅವನ ಹೆಸರು ಬರುತ್ತದೆ. ಆದರೆ ಆ ನಗರವನ್ನು ಕಂಡವನು ಎಂಥವನು, ಯಾವ ಸ್ಥಿತಿಯಲ್ಲಿದ್ದು ಕಂಡನು ಎಂಬ ವಿಚಾರ ಹಿಂದೆ ಸರಿದಿದೆ. ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ಏಳು ತಿಂಗಳಿಗೂ ಹೆಚ್ಚು ಕಾಲ ಇದ್ದ ಈ ದೂತ ವಿಜಯನಗರಕ್ಕೆಂದು ನೇಮಕಗೊಂಡವನಲ್ಲ. ಅವನು ದೂತನೇ ಅಲ್ಲವೆಂಬ ಮಾತೂ ಆ ಆಸ್ಥಾನದಲ್ಲಿ ಹುಟ್ಟಿತ್ತು. ಅವನ ಬರಹವನ್ನು ಆಕರವಾಗಿ ಸ್ವೀಕರಿಸುವವರು ಈ ಸಂಗತಿಯನ್ನು ಮರೆಯುವಂತಿಲ್ಲ.

ಸಮರ್ಖಂದಿ ಎಂಬ ಉಪನಾಮವಿದ್ದರೂ ಅಬ್ದುಲ್ ರಜಾಕ್ ಹುಟ್ಟಿದ್ದು 1413ರಲ್ಲಿ, ಹೆರಾತ್ ನಗರದಲ್ಲಿ. ತಂದೆ ಜಲಾಲುದ್ದೀನ್ ಇಸಾಕ್ ತೈಮೂರನ ಮಗ ಶಾರುಖನ ಪಾಳೆಯದಲ್ಲಿ ಕಾಜಿಯೂ ಇಮಾಮನೂ ಆಗಿದ್ದವನು. 1437ರಲ್ಲಿ ತಂದೆ ತೀರಿಕೊಂಡ ಮೇಲೆ ಮಗನು ವ್ಯಾಕರಣ ಗ್ರಂಥವೊಂದಕ್ಕೆ ಬರೆದ ವ್ಯಾಖ್ಯಾನವನ್ನು ದೊರೆಗೆ ಅರ್ಪಿಸಿ ಆಸ್ಥಾನವನ್ನು ಸೇರಿದನು. ವ್ಯಾಕರಣದ ಬಾಗಿಲಿನಿಂದ ರಾಜಕಾರ್ಯದೊಳಗೆ ಬಂದ ಪಂಡಿತನೀತ. ಸಮುದ್ರದ ಪರಿಚಯ ಅವನಿಗಿರಲಿಲ್ಲ.

ದೂತರನ್ನು ದೂರದೇಶಗಳಿಗೆ ಕಳುಹಿಸುವುದು ಶಾರುಖನ ರಾಜನೀತಿಯ ಒಂದು ಮುಖ್ಯ ಅಂಗವಾಗಿತ್ತು. 1419ರಿಂದ 1422ರವರೆಗೆ ಅವನ ನಿಯೋಗವೊಂದು ಚೀನಾಕ್ಕೆ ಹೋಗಿ ಬಂದಿತ್ತು. ಅದರಲ್ಲಿದ್ದ ಚಿತ್ರಕಾರ ಘಿಯಾಸುದ್ದೀನನ ವರದಿಯನ್ನು ಅಬ್ದುಲ್ ರಜಾಕ್ ಮುಂದೆ ತನ್ನ ಗ್ರಂಥದಲ್ಲಿ ಸೇರಿಸಿಕೊಂಡನು. ಬಂಗಾಳಕ್ಕೆ ಹೋಗಿದ್ದ ದೂತರು ಮರಳುವಾಗ ಕಲ್ಲಿಕೋಟೆಯಲ್ಲಿ ತಂಗಬೇಕಾಯಿತು. ಅವರಿಂದ ಹೆರಾತಿನ ದೊರೆಯ ಪ್ರತಾಪವನ್ನು ಕೇಳಿದ ಸಾಮೂತಿರಿ ಕಾಣಿಕೆಗಳೊಡನೆ ತನ್ನ ದೂತನನ್ನು ಕಳುಹಿಸಿದನು. ಅದಕ್ಕೆ ಪ್ರತಿಯಾಗಿ ಕಲ್ಲಿಕೋಟೆಗೆ ಹೊರಟವನು ಅಬ್ದುಲ್ ರಜಾಕ್.

1442ರ ಜನವರಿಯಲ್ಲಿ ಹೆರಾತನ್ನು ಬಿಟ್ಟು, ಕಿರ್ಮಾನದ ಮಾರ್ಗವಾಗಿ ಹೋರ್ಮುಜ್ ಮುಟ್ಟಿದಾಗ ನೌಕಾಯಾನಕ್ಕೆ ಅನುಕೂಲವಾದ ಕಾಲ ಮೀರಿತ್ತು. ಒಮಾನಿನ ಕರಾವಳಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಸುಡುವ ಬೇಸಗೆಯಲ್ಲಿ ಅವನೂ ಜತೆಯವರೂ ಜ್ವರಕ್ಕೆ ತುತ್ತಾದರು. ಜತೆಗಿದ್ದ ಅಣ್ಣ ಅಲ್ಲಿಯೇ ತೀರಿಕೊಂಡನು. ಅವನನ್ನು ಮಣ್ಣುಮಾಡಿ ಹಡಗನ್ನೇರಿದ ದೂತ ನವೆಂಬರ್ ತಿಂಗಳಿನಲ್ಲಿ ಕಲ್ಲಿಕೋಟೆಗೆ ಬಂದಿಳಿದನು.

ಅಲ್ಲಿ ಕಾರ್ಯ ಕೈಗೂಡಲಿಲ್ಲ. ಕುದುರೆ, ಜರಿಯ ನಿಲುವಂಗಿ, ಕಿರೀಟದಂಥ ಟೋಪಿ ಮೊದಲಾದ ಕಾಣಿಕೆಗಳನ್ನು ಒಪ್ಪಿಸಿದರೂ ಸಾಮೂತಿರಿ ನಿರೀಕ್ಷಿತ ಗೌರವವನ್ನು ತೋರಲಿಲ್ಲ. ಸುಮಾರು ಐದು ತಿಂಗಳು ಅವನು ಆ ಬಂದರಿನಲ್ಲಿ ಬೇಸರದಿಂದ ಕಳೆದನು. ಗಮನಿಸಬೇಕಾದ ಅಂಶವೆಂದರೆ, ಅರಸನ ಮೇಲೆ ಮುನಿದವನು ಬಂದರಿನ ಮೇಲೆ ಮುನಿಯಲಿಲ್ಲ. ವರ್ತಕರ ಸರಕಿಗೆ ಅಲ್ಲಿದ್ದ ರಕ್ಷಣೆಯನ್ನೂ, ಮಾರಾಟವಾದ ಸರಕಿಗೆ ಮಾತ್ರ ನಲವತ್ತರಲ್ಲಿ ಒಂದು ಪಾಲು ಸುಂಕ ಕೊಳ್ಳುವ ಪದ್ಧತಿಯನ್ನೂ ಅವನು ಮೆಚ್ಚಿ ಬರೆದಿದ್ದಾನೆ. ಒಂದು ರಾತ್ರಿ ಕನಸಿನಲ್ಲಿ ಶಾರುಖ್ ಕಾಣಿಸಿಕೊಂಡು ಸಂತೈಸಿದನಂತೆ. ಅದರ ಬೆನ್ನಿಗೇ ವಿಜಯನಗರದ ಅರಸನ ಪತ್ರ ಬಂದಿತು, ಹೆರಾತಿನ ದೂತನನ್ನು ತನ್ನಲ್ಲಿಗೆ ಕಳುಹಿಸಬೇಕೆಂದು. ಸಾಮೂತಿರಿ ವಿಜಯನಗರದ ಅಧೀನನಲ್ಲದಿದ್ದರೂ ಆ ಮಾತನ್ನು ಮೀರುವ ಧೈರ್ಯ ಮಾಡಲಿಲ್ಲ.

ಕಡಲಮಾರ್ಗವಾಗಿ ಮಂಗಳೂರಿಗೆ ಬಂದು, ಅಲ್ಲಿಗೆ ಸಮೀಪದಲ್ಲಿ ಲೋಹದ ಗುಡಿಯೊಂದನ್ನು ಕಂಡು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಯಲ್ಲಿ ಅವನು ರಾಜಧಾನಿಯನ್ನು ತಲುಪಿದನು. ಅಷ್ಟರಲ್ಲಿ ಅಲ್ಲಿ ಒಂದು ದುರಂತ ನಡೆದುಹೋಗಿತ್ತು. ದೇವರಾಯನ ತಮ್ಮನೇ ಹೊಸ ಮನೆಯ ಔತಣದ ನೆಪದಲ್ಲಿ ಪ್ರಮುಖರನ್ನು ಕರೆದು, ವಾದ್ಯಘೋಷದ ನಡುವೆ ಒಬ್ಬೊಬ್ಬರನ್ನಾಗಿ ಕೊಲ್ಲಿಸಿ, ಅರಸನ ಮೇಲೂ ಕೈಮಾಡಿದ್ದನು. ಅರಸ ಬದುಕಿ ಉಳಿದನು. ಆಗ ಸಿಂಹಳದ ಕಡೆಗೆ ಯಾನ ಹೋಗಿದ್ದನೆಂದು ಹೇಳಲಾದ ‘ದನಾಯಿಕ’ನನ್ನು ‘ಶಿವತತ್ತ್ವಚಿಂತಾಮಣಿ’ಯ ಕರ್ತೃ ಲಕ್ಕಣ್ಣ ದಂಡೇಶನೆಂದು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮ ‘ದಣ್ಣಾಯಕ’ ಶಬ್ದ ಪಾರಸಿ ಲಿಪಿಯಲ್ಲಿ ಹೀಗೆ ಉಳಿದುಕೊಂಡಿದೆ.

ಮೊದಲ ಭೇಟಿಯಲ್ಲಿ ದೂತನು ಐದು ಕುದುರೆಗಳನ್ನೂ ರೇಷ್ಮೆಯ ಬಟ್ಟೆಗಳನ್ನೂ ಒಪ್ಪಿಸಿದನು. ಹಲವು ನಿಲುವಂಗಿಗಳ ಭಾರದಲ್ಲಿ ಬೆವರುತ್ತಿದ್ದವನನ್ನು ಕಂಡು ಕನಿಕರಗೊಂಡ ಅರಸ ತನ್ನ ಕೈಯಲ್ಲಿದ್ದ ಚೀನೀ ಬೀಸಣಿಗೆಯನ್ನು ಅವನಿಗೆ ಕೊಟ್ಟನು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ವರಹ ಗೊತ್ತಾಯಿತು. ವಾರಕ್ಕೆರಡು ಬಾರಿ ನಡೆಯುತ್ತಿದ್ದ ಭೇಟಿಯ ಕೊನೆಯಲ್ಲಿ ವೀಳ್ಯ, ಕರ್ಪೂರ, ಐನೂರು ಹಣದ ಚೀಲ ದೊರೆಯುತ್ತಿದ್ದವು.

ಈ ಆದರ ಕೊನೆಯವರೆಗೆ ನಡೆಯಲಿಲ್ಲ. ದಣ್ಣಾಯಕನು ಕಲಬುರಗಿಯ ಮೇಲೆ ದಂಡೆತ್ತಿ ಹೋದಾಗ ಅವನ ಸ್ಥಾನದಲ್ಲಿ ಕುಳಿತ ಅಧಿಕಾರಿ ದೂತನ ದಿನಭತ್ಯವನ್ನು ನಿಲ್ಲಿಸಿಬಿಟ್ಟನು. ಹೋರ್ಮುಜಿನ ವರ್ತಕರು ಸಮಯ ಸಾಧಿಸಿ, ಇವನು ಶಾರುಖನ ರಾಯಭಾರಿಯಲ್ಲ, ಬರಿಯ ವ್ಯಾಪಾರಿ ಎಂದು ಸುದ್ದಿ ಹಬ್ಬಿಸಿದರು. ಆ ಅಧಿಕಾರಿಯ ರೂಪ, ಕುಲ, ಗುಣಗಳನ್ನು ಅಬ್ದುಲ್ ರಜಾಕ್ ಹಳಿದಿರುವ ರೀತಿ ನಿಷ್ಪಕ್ಷಪಾತಿ ಚರಿತ್ರೆಕಾರನದಲ್ಲ, ನೊಂದವನದು. ಹಿಂದಿರುಗಿದ ದಣ್ಣಾಯಕ ಸಿಟ್ಟಾಗಿ, ಅಂದೇ ಏಳು ಸಾವಿರ ವರಹಗಳಿಗೆ ಟಂಕಸಾಲೆಯ ಮೇಲೆ ಅಪ್ಪಣೆ ಬರೆಸಿದನು. ಹಣ ಬಂದಿತು, ಸಂಶಯ ಅಳಿಯಲಿಲ್ಲ. ಬೀಳ್ಕೊಡುವಾಗ ದೇವರಾಯನೇ ಆ ಅಪವಾದವನ್ನು ಎತ್ತಿ, ಅದಿಲ್ಲದಿದ್ದರೆ ಹೆಚ್ಚಿನ ಮನ್ನಣೆ ದೊರೆಯುತ್ತಿತ್ತೆಂದು ತಿಳಿಸಿದನು. ಶಾರುಖನಿಗೆ ಬರೆದ ಪತ್ರದಲ್ಲಿಯೂ ಅದೇ ಮಾತಿತ್ತು. ತನ್ನ ಮೇಲಿನ ಸಂಶಯವನ್ನು ಹೊತ್ತ ಪತ್ರದ ಜತೆಯಲ್ಲಿಯೇ ಅವನು ಊರಿಗೆ ಮರಳಬೇಕಾಯಿತು.

ಮುನ್ನೂರು ಬಂದರುಗಳು, ಹನ್ನೊಂದು ಲಕ್ಷ ಸೈನ್ಯ ಎಂಬ ಅವನ ಸಂಖ್ಯೆಗಳನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಕಳುಹಿಸಿದ ಕಡೆ ಕೆಲಸ ಕೆಟ್ಟು, ಕರೆದ ಕಡೆ ಅಧಿಕಾರವೇ ಪ್ರಶ್ನೆಗೊಳಗಾದವನಿಗೆ, ತನ್ನನ್ನು ಬರಮಾಡಿಕೊಂಡ ಅರಸನ ಹಿರಿಮೆಯೇ ತನ್ನ ದೌತ್ಯಕ್ಕೆ ಉಳಿದ ಸಮರ್ಥನೆ. ಹಾಗೆಂದು ಎಲ್ಲವೂ ಉತ್ಪ್ರೇಕ್ಷೆಯಲ್ಲ. ಸುಂಕ, ಭತ್ಯ, ನಾಣ್ಯಗಳ ವಿಷಯದಲ್ಲಿ ಅವನ ಲೆಕ್ಕ ಸ್ಪಷ್ಟವಾಗಿದೆ. ಕೈಗೆ ಬಂದದ್ದನ್ನೂ ಬಾರದೆ ಹೋದದ್ದನ್ನೂ ಅವನು ಮರೆಯಲಿಲ್ಲ.

1443ರ ಡಿಸೆಂಬರಿನಲ್ಲಿ ರಾಜಧಾನಿಯನ್ನು ಬಿಟ್ಟು, ಬಾರಕೂರಿನ ಮೇಲೆ ಸಾಗಿ, ಹೊನ್ನಾವರದಲ್ಲಿ ಹಡಗು ಹತ್ತಿ, 1444ರ ಏಪ್ರಿಲಿನಲ್ಲಿ ಅವನು ಹೋರ್ಮುಜಿಗೆ ಮುಟ್ಟಿದನು. ಮತ್ತೆ ಭಾರತಕ್ಕೆ ಬರಲಿಲ್ಲ. 1446ರಲ್ಲಿ ಗೀಲಾನಿಗೆ ದೂತನಾಗಿ ಹೋದನು. ಈಜಿಪ್ಟಿಗೆ ಹೋಗಬೇಕೆಂಬ ಆಜ್ಞೆ 1447ರಲ್ಲಿ ಶಾರುಖನ ಮರಣದಿಂದ ರದ್ದಾಯಿತು. ಅನಂತರದ ಅಂತಃಕಲಹಗಳಲ್ಲಿ ಹಲವು ರಾಜಕುಮಾರರ ಸೇವೆಯಲ್ಲಿದ್ದು, 1463ರಲ್ಲಿ ಹೆರಾತಿನ ಶಾರುಖನ ಖಾನಕಾಹಕ್ಕೆ ಮುಖ್ಯಸ್ಥನಾದನು. 1304ರಿಂದ 1470ರವರೆಗಿನ ವೃತ್ತಾಂತವುಳ್ಳ ‘ಮತ್ಲಾ ಉಸ್ ಸಾದೈನ್’ ಅಂತಿಮ ರೂಪ ಪಡೆದದ್ದು ಆ ಕಾಲದಲ್ಲಿ. ಎಂದರೆ ಹಂಪೆಯ ಮಹಾನವಮಿಯನ್ನು ಕಂಡು ಕಾಲು ಶತಮಾನ ಕಳೆದ ಮೇಲೆ. 1482ರಲ್ಲಿ ಸಾಯುವವರೆಗೂ ಅವನು ಆ ಖಾನಕಾಹದಲ್ಲಿಯೇ ಇದ್ದನು.