ಪುರಂದರದಾಸರು

ಪುರಂದರದಾಸರು (ಸು. 1484–1564) ವಿಜಯನಗರ ಕಾಲದ ಹರಿದಾಸರು ಮತ್ತು ವಾಗ್ಗೇಯಕಾರರು. ಇವರ ಅಂಕಿತ ಪುರಂದರವಿಠಲ. ಕರ್ನಾಟಕ ಸಂಗೀತದ ಪಿತಾಮಹರೆಂದು ಇವರನ್ನು ಗೌರವಿಸಲಾಗುತ್ತದೆ. ಬಾಳಿನ ಉತ್ತರಾರ್ಧವನ್ನು ಇವರು ಕಳೆದದ್ದು ಹಂಪಿಯಲ್ಲಿ. ಇವರ ಪದಗಳು ಮನೆಮನೆಯಲ್ಲಿ ಉಳಿದಿವೆಯಾದರೂ, ಅವುಗಳನ್ನು ಇವರು ಹಾಡಿದ ಧಾಟಿಗಳು ಬಹುಮಟ್ಟಿಗೆ ಕಳೆದುಹೋಗಿವೆ.

ಜೀವನ

ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕ. ಜನ್ಮಸ್ಥಳದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪುಣೆಯ ಬಳಿಯ ಪುರಂದರಗಡವೆಂದು ಬಹುಕಾಲ ನಂಬಲಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಪ್ರದೇಶವೆಂಬ ವಾದ ಇತ್ತೀಚೆಗೆ ಬಲಗೊಂಡಿದೆ. ವೃತ್ತಿಯಿಂದ ರತ್ನವ್ಯಾಪಾರಿಯಾಗಿದ್ದ ಇವರನ್ನು ಜನರು ನವಕೋಟಿ ನಾರಾಯಣನೆಂದು ಕರೆಯುತ್ತಿದ್ದರೆಂದು ಪ್ರತೀತಿ. ಪತ್ನಿ ಸರಸ್ವತೀಬಾಯಿ ತನ್ನ ಮೂಗುತಿಯನ್ನು ಬಡ ಬ್ರಾಹ್ಮಣನೊಬ್ಬನಿಗೆ ದಾನ ಮಾಡಿದ ಪ್ರಸಂಗ ಇವರ ಮನಸ್ಸನ್ನು ತಿರುಗಿಸಿತೆಂಬ ಕಥೆ ಕನ್ನಡಿಗರೆಲ್ಲರಿಗೂ ತಿಳಿದದ್ದೇ. ಕಥೆಯ ವಿವರಗಳನ್ನು ಇತಿಹಾಸವೆಂದು ಸ್ವೀಕರಿಸಲಾಗದು. ಆದರೆ ಅಂಗಡಿ, ಸರಕು, ಬಡ್ಡಿ, ಲೆಕ್ಕಗಳ ಮಾತು ಇವರ ಪದಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆಂದರೆ, ವ್ಯಾಪಾರವನ್ನು ಒಳಗಿನಿಂದ ಬಲ್ಲವರೇ ಹಾಗೆ ಬರೆಯಬಲ್ಲರು.

ಸಂಪತ್ತನ್ನು ತೊರೆದು ವಿಜಯನಗರಕ್ಕೆ ಬಂದ ಇವರು ವ್ಯಾಸರಾಯರಿಂದ ದಾಸದೀಕ್ಷೆ ಪಡೆದರು. ಕನಕದಾಸರು ಇವರ ಸಮಕಾಲೀನರು. ಆಮೇಲಿನ ಬದುಕು ತಂಬೂರಿ, ಗೆಜ್ಜೆ, ಮಧುಕರ ವೃತ್ತಿಗಳದು. ಕೃಷ್ಣದೇವರಾಯನು ವ್ಯಾಸರಾಯರಿಗೆ ನೀಡಿದ ದಾನವನ್ನು ತಿಳಿಸುವ 1526ರ ಕಮಲಾಪುರದ ತಾಮ್ರಶಾಸನದಲ್ಲಿ ಪುರಂದರದಾಸರ ಮಕ್ಕಳಿಗೂ ಪಾಲು ದೊರೆತ ಉಲ್ಲೇಖವಿದೆ. ಐತಿಹ್ಯಗಳೇ ತುಂಬಿದ ಈ ಜೀವನಚರಿತ್ರೆಯಲ್ಲಿ ಇದೊಂದು ಗಟ್ಟಿಯಾದ ಆಧಾರ.

ರೂಢಿಯ ಲೆಕ್ಕದಂತೆ 1564ರ ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯಂದು ಇವರು ತೀರಿಕೊಂಡರು.

ಸಂಗೀತಕ್ಕೆ ಕೊಡುಗೆ

ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆ, ಜಂಟಿವರಸೆ, ಅಲಂಕಾರಗಳನ್ನು, ಬಳಿಕ ಮಲಹರಿ ರಾಗದಲ್ಲಿ ಪಿಳ್ಳಾರಿ ಗೀತೆಗಳನ್ನು ಕ್ರಮವಾಗಿ ಕಲಿಸುವ ಪದ್ಧತಿ ಇವರದೆಂದು ಸಂಪ್ರದಾಯ ಹೇಳುತ್ತದೆ. ಇಂದಿಗೂ ದಕ್ಷಿಣ ಭಾರತದಲ್ಲಿ ಹಾಡಲು ಕಲಿಯುವ ಮಗು ಮೊದಲು ಹತ್ತುವುದು ಇದೇ ಮೆಟ್ಟಿಲನ್ನು. ಸುಳಾದಿ, ಉಗಾಭೋಗ, ಕೀರ್ತನೆ ಈ ಮೂರು ಪ್ರಕಾರಗಳಲ್ಲೂ ಇವರು ರಚಿಸಿದ್ದಾರೆ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿವಿಜಯದಲ್ಲಿ ಇವರನ್ನು ಸ್ಮರಿಸಿದ್ದಾರೆ.

ಕಳೆದುಹೋದ ಧಾಟಿಗಳು

ದಾಸರ ಕಾಲಾನಂತರ ಹೆಚ್ಚು ದಿನ ಹಂಪಿ ಉಳಿಯಲಿಲ್ಲ. 1565ರ ಜನವರಿಯಲ್ಲಿ ನಡೆದ ತಾಳಿಕೋಟೆ ಯುದ್ಧದ ಬೆನ್ನಲ್ಲೇ ರಾಜಧಾನಿ ಸೂರೆಯಾಯಿತು. ವಿಠಲನ ಗುಡಿ ಪೂಜೆಯಿಲ್ಲದೆ ಬರಿದಾಯಿತು. ಅಲ್ಲಿ ಹಾಡುತ್ತಿದ್ದವರು ಚದುರಿಹೋದರು.

ಇವರು 4,75,000 ಪದಗಳನ್ನು ರಚಿಸಿದರೆಂಬುದು ನಂಬಿಕೆ. ಈಗ ದೊರೆಯುವವು ಸಾವಿರದ ಆಸುಪಾಸು. ಅವುಗಳನ್ನು ಉಳಿಸಿಕೊಟ್ಟವರು ಊರೂರು ಅಲೆದ ದಾಸರು, ಭಜನಾ ಮಂಡಳಿಗಳು, ಬೆಳಗಿನ ಕೆಲಸ ಮಾಡುತ್ತಲೇ ಹಾಡಿಕೊಂಡ ಹೆಂಗಸರು. 18ನೆಯ ಶತಮಾನದಲ್ಲಿ ವಿಜಯದಾಸರು ಪುರಂದರದಾಸರನ್ನೇ ಗುರುವೆಂದು ಭಾವಿಸಿ ರಾಯಚೂರು ಸೀಮೆಯಲ್ಲಿ ದಾಸಪರಂಪರೆಗೆ ಮರುಜೀವ ಕೊಟ್ಟರು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಮುದ್ರಿಸಿದರು.

ಆದರೆ ಓಲೆಗರಿಯಲ್ಲಿ ಬರೆದಿಟ್ಟದ್ದು ಸಾಹಿತ್ಯವನ್ನು. ಜೊತೆಗೆ ಹೆಚ್ಚೆಂದರೆ ರಾಗ, ತಾಳಗಳ ಹೆಸರು. ಸ್ವರಲಿಪಿ ಇಲ್ಲ. ಒಂದೇ ಪದಕ್ಕೆ ಒಂದು ಪ್ರತಿಯಲ್ಲಿ ಒಂದು ರಾಗ, ಇನ್ನೊಂದರಲ್ಲಿ ಮತ್ತೊಂದು. ಹಳೆಯ ನಾದದ ಸುಳಿವು ಸಿಗುವುದು ಗೀತೆ, ಸುಳಾದಿಗಳಲ್ಲಿ ಮಾತ್ರ. ತಂಜಾವೂರಿನ ತುಳಜಾಜಿಯ ಸಂಗೀತ ಸಾರಾಮೃತ ಇವರ ಸುಳಾದಿಗಳನ್ನು ನಿದರ್ಶನವಾಗಿ ಬಳಸುತ್ತದೆ. ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ (1904) ಕೆಲವನ್ನು ಸ್ವರಸಹಿತ ಕೊಡುತ್ತದೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳನ್ನು ಕಚೇರಿಯ ವೇದಿಕೆಗೆ ತಂದರು. ಭೀಮಸೇನ ಜೋಶಿಯವರು ಹಿಂದುಸ್ತಾನಿ ಶೈಲಿಯಲ್ಲಿ ದಾಸವಾಣಿ ಹಾಡಿದರು. ಇಂದು ನಾವು ಕೇಳುವ ಧಾಟಿಗಳಲ್ಲಿ ಹೆಚ್ಚಿನವು ಹೀಗೆ ನಂತರದ ಗಾಯಕರು ಕೂಡಿಸಿದವು. ಸೊಗಸಾಗಿವೆ ನಿಜ, ಆದರೆ ಅವುಗಳನ್ನು ದಾಸರ ಸ್ವಂತ ಧಾಟಿಯೆಂದು ವಿದ್ಯಾರ್ಥಿಗಳು ತಿಳಿಯಬಾರದು.

ಪುರಂದರ ಮಂಟಪ

ಹಂಪಿಯ ವಿಜಯವಿಠ್ಠಲ ದೇವಾಲಯದ ಸಮೀಪ, ತುಂಗಭದ್ರೆಯ ದಡದಲ್ಲಿ ಕಲ್ಲುಕಂಬಗಳ ಒಂದು ಸಣ್ಣ ಮಂಟಪವಿದೆ. ದಾಸರು ಇಲ್ಲಿ ಕುಳಿತು ಹಾಡುತ್ತಿದ್ದರೆಂದು ಸ್ಥಳೀಯರು ನಂಬುತ್ತಾರೆ. ದೇವಾಲಯದ ಕೆತ್ತನೆಯ ಕಂಬಗಳನ್ನು ನೋಡಲು ಬರುವ ಪ್ರವಾಸಿಗರಲ್ಲಿ ಅನೇಕರು ಇದನ್ನು ಗಮನಿಸದೆ ಹಿಂದಿರುಗುತ್ತಾರೆ. ಪುಷ್ಯ ಬಹುಳ ಅಮಾವಾಸ್ಯೆಯಂದು ಹಂಪಿಯಲ್ಲಿ ದಾಸರ ಆರಾಧನೆ ನಡೆಯುತ್ತದೆ. ಮಳೆಗಾಲದಲ್ಲಿ ಹೊಸಪೇಟೆಯ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕೆಳಗಡೆ ಕಂಪ್ಲಿಯ ಸೇತುವೆಯ ಹಾಗೆ ಈ ಮಂಟಪವೂ ಮುಳುಗುತ್ತದೆ; ಹೊಳೆ ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ.